ಎರಡು ಲೈನಿನ ನಡುವೆ ನನ್ನ ಪಾಳಿ

ಖುಷಿ ಹೊಟ್ಟೆಯಲ್ಲಿ ಹಿಡಿಯದಷ್ಟಾಗಿದೆ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಮೂರನೇ ಇಯತ್ತೆತನಕ ಸಾಲಿ ಕಲಿತವಳು. ಒತ್ತಕ್ಷರ ಬಿದ್ದುಹೋಗಿದ್ದರೆ ಓದುವವರೇ ಎತ್ತಿ ಇಟ್ಟುಕೊಳ್ಳಬೇಕು. ಈ ಸುದ್ದಿ ಯಾರಿಗಾದರೂ ಹೇಳದಿದ್ದರೆ ನನಗೆ ಉಂಡದ್ದು ಇಳಿಯುವುದಿಲ್ಲ.

ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡಾಂವ ಪಾರಿಶ್ವಾಡದಲ್ಲಿ ಹೊಲ ಮಾಡಿಕೊಂಡಿದ್ದಾನೆ. ಸಣ್ಣಾಂವಂದು ಬೆಳಗಾವಿಯಲ್ಲಿ ಪೇಂಟಿನ ಅಂಗಡಿ, ಮನಿ ರಾಮತೀರ್ಥ ನಗರದಲ್ಲಿ. ಇಬ್ಬರಿಗೂ ಒಂದೊಂದು ಹೆಣ್ಣುಮಗಳು, ಒಂದೇ ವರ್ಷ ಹುಟ್ಟಿದವರು. ದೊಡ್ಡಾಂವನ ಮಗಳು ಊರಾಕಿ ನಾಕಾರು ತಿಂಗಳಿಗೆ ದೊಡ್ಡಾಕಿ, ಅದಕ್ಕೆ ಸಣ್ಣಾಂವನ ಮಗಳು ಪ್ಯಾಟ್ಯಾಕಿ ಅವಳಿಗೆ ಅಕ್ಕ ಅನ್ನುತ್ತಾಳೆ; ನನಗೆ ಇಬ್ಬರೂ ಆಯಿ ಅನ್ನುತ್ತಾರೆ. ಸಣ್ಣವರಿದ್ದಾಗ ಸೂಟಿ ಬಂತೆಂದರೆ ಇಬ್ಬರದೂ ಒಂದೇ ಹಾಸಿಗೆ, ಒಂದೇ ತಾಟು, ಒಂದೇ ಟೀವಿ.

ಆಮೇಲೆ ನನ್ನ ಯಜಮಾನರು ಹೋದರು. ಅವತ್ತು ಹೊಯ್ಯುತ್ತಿದ್ದ ಮಳಿ ಬಾಯಿಂದ ಹೇಳುವಂಥದ್ದಲ್ಲ. ಸಣ್ಣಾಂವ ಬೆಳಗಾವಿ ಬಿಟ್ಟವನು ಖಾನಾಪುರದಲ್ಲಿ ಸಿಕ್ಕಿಬಿದ್ದ, ಹೊಳಿ ರಸ್ತೆಯ ಮೇಲೆ ಬಂದಿತ್ತು. ಇತ್ತ ತೋಡಿದ ಕುಣಿಯಲ್ಲಿ ನೀರು ತುಂಬುತ್ತಿತ್ತು. ಕತ್ತಲಾಗುವುದರೊಳಗೆ ಮಣ್ಣು ಕೊಡಬೇಕು ಅಂತ ಊರ ಹಿರಿಯರು ಅವಸರ ಮಾಡಿದರು. ದೊಡ್ಡಾಂವ ಬಾಗಿಲಲ್ಲಿ ನಿಂತು ದಾರಿ ನೋಡಿದ, ನೋಡಿದ, ಕಡೆಗೆ ಹೂಂ ಅಂದ. ಸಣ್ಣಾಂವ ಮೊಣಕಾಲಮಟ ಕೆಸರಾಗಿ ಬಂದು ಮುಟ್ಟಿದಾಗ ಮಣ್ಣಿನ ಮೇಲೆ ಹೂವು ಬಿದ್ದಾಗಿತ್ತು.

"ಅಪ್ಪನ ಮಾರಿ ನೋಡಾಕರೆ ನನ್ನ ದಾರಿ ಕಾಯಬೇಕಿತ್ತಲ್ಲೋ ಅಣ್ಣಾ" ಅಂದ.

"ಕಾದೇನಿ. ಎಷ್ಟಂತ ಕಾಯ್ಲಿ?" ಅಂದ ದೊಡ್ಡಾಂವ.

ಅವೇ ಕಡೇ ಮಾತು. ಹೊಲ ಹರಿದು ಎರಡಾಯಿತು, ಭಾಂಡೆ ಎರಡಾದವು. ಒಬ್ಬರ ನಂಬರು ಒಬ್ಬರು ಫೋನಿನಿಂದ ತೆಗೆಸಿದರು. ನನ್ನನ್ನು ಮಾತ್ರ ಹರಿಯಲು ಬರಲಿಲ್ಲ, ಅದಕ್ಕೆ ಪಾಳಿ ಹಾಕಿದರು. ಎರಡು ತಿಂಗಳು ಅಲ್ಲಿ, ಎರಡು ತಿಂಗಳು ಇಲ್ಲಿ. ನಮ್ಮ ಕಡೆ ಪಾಲಾದ ಮನೆತನಗಳಲ್ಲಿ ಮುದುಕರದು ಇದೇ ಬಾಳೇವು. ಅದಕ್ಕೊಂದು ರಿವಾಜೂ ಉಂಟು: ಆ ಮನಿಯ ಮಾತು ಈ ಮನಿಗೆ ತರಬಾರದು. ಅಲ್ಲಿ ಎಮ್ಮಿ ಈದರೂ ಇಲ್ಲಿ ಹೇಳುವ ಹಾಗಿಲ್ಲ. "ಎಲ್ಲಾ ಆರಾಮ" ಅನ್ನಬೇಕು, ಉಣ್ಣಬೇಕು, ಮಲಗಬೇಕು.

ಮಕ್ಕಳಿಬ್ಬರೂ ಇನ್ನೊಂದು ಮಾತು ಹೇಳಿದ್ದರು, ಬೇರೆ ಬೇರೆ ದಿನ, ಬೇರೆ ಬೇರೆ ಮನಿಯಲ್ಲಿ, ಒಂದೇ ಬಾಯಲ್ಲಿ ಹೇಳಿದಂತೆ: "ನನ್ನ ಮಗಳು ಆ ಮನಿ ಮಂದಿ ಕೂಡ ಮಾತಾಡಿದ್ದು ಗೊತ್ತಾತು ಅಂದ್ರ, ಅವ್ವಾ, ನೀ ಅಲ್ಲೇ ಇದ್ದುಬಿಡು. ಇಲ್ಲಿ ನಿನ್ನ ಪಾಳಿ ಮುಗೀತು ಅಂತ ತಿಳಿ."

ಪಾಳಿ ಮುಗಿದರೆ ನನಗೆ ಒಂದು ಮೊಮ್ಮಗಳು ಹೋದಂತೆ. ಎರಡು ಕಣ್ಣಿನಲ್ಲಿ ಯಾವುದು ಬೇಕು ಅಂತ ಕೇಳಿದರೆ ಏನು ಹೇಳಬೇಕು?

ಆದರೆ ಹುಡುಗಿಯರು ದಾರಿ ಹುಡುಕಿದರು. ಆ ದಾರಿ ಹೋದದ್ದು ಆಕಾಶದ ಮೇಲಿಂದ.

ಒಂದು ಸಿನಿಮಾದ ಕತಿ ಇದೆ. ಸಿನಿಮಾ ಅಂದರೆ ಒಂದಲ್ಲ, ಮುಗಿಯುವುದೇ ಇಲ್ಲ ಅದು. ಸಣ್ಣಾಂವ ಕಾಲೇಜಿಗೆ ಹೋಗುವಾಗಿನಿಂದ ಬರುತ್ತಿದೆ, ಸಿನಿಮಾ ಮುಗಿದರೆ ಸೀರಿಯಲ್, ಸೀರಿಯಲ್ ಮುಗಿದರೆ ಮತ್ತೆ ಸಿನಿಮಾ. ಆಕಾಶದಲ್ಲಿ ಚಿಕ್ಕಿಗಳ ನಡುವೆ ಹಡಗಿನಲ್ಲಿ ಅಡ್ಡಾಡುವ ಮಂದಿಯ ಕತಿ. ಸಣ್ಣಾಂವನೇ ಸೀಡಿ ತಂದು ಇಬ್ಬರು ಹುಡುಗಿಯರಿಗೂ ಅದರ ಹುಚ್ಚು ಹಿಡಿಸಿದ್ದ. ಮನಿ ಎರಡಾದ ಮೇಲೆ ಊರಾಕಿಯ ಪಾಲಿಗೆ ಹಳೆಯ ಭಾಗಗಳು ಉಳಿದವು, ಪ್ಯಾಟ್ಯಾಕಿ ಹೊಸ ಹೊಸವನ್ನು ನೋಡಿಕೊಂಡು ಹೋದಳು.

ಆ ಕತಿಯಲ್ಲೂ ಎರಡು ದಾರಿ. ಅವರು ಟೈಮ್‌ಲೈನ್ ಅನ್ನುತ್ತಾರೆ, ನಾನು ಲೈನು ಅನ್ನುತ್ತೇನೆ. ಪ್ಯಾಟ್ಯಾಕಿ ಒಂದು ದಿನ ನೆಲದ ಫರಸಿಯ ಮೇಲೆ ಒದ್ದೆ ಬೆರಳಿನಿಂದ ಗೆರಿ ಎಳೆದು ತಿಳಿಸಿ ಹೇಳಿದಳು. ಹಳೇ ಲೈನಿನಲ್ಲಿ ಯಾರೋ ಒಂದು ಬಾಗಿಲು ಹಾಕುವುದನ್ನು ಮರೆತು ದೊಡ್ಡ ಬೆಂಕಿ ಬಿತ್ತಂತೆ. ಮಂದಿ ಸತ್ತರು. ಉಳಿದವರಲ್ಲಿ ಒಬ್ಬ ಡಾಕ್ಟರಬಾಯಿ, ಒಬ್ಬ ಮೆಕ್ಯಾನಿಕ್. ಅದೇ ದುಃಖದಲ್ಲಿ ಇಬ್ಬರೂ ಹತ್ತಿರಾಗಿ ಲಗ್ನವಾದರು, ಅವರಿಗೆ ಹುಟ್ಟಿದ ಮಗಳು ಹಡಗು ನಡೆಸುವಾಕಿಯಾದಳು. ವರ್ಷಾನುಗಟ್ಟಲೆ ಆದ ಮೇಲೆ ಒಬ್ಬ ಹಿಂದಿನ ಕಾಲಕ್ಕೆ ಹೋಗಿ ಆ ಬಾಗಿಲು ಹಾಕಿ ಬಂದ. ಬೆಂಕಿ ಬೀಳಲಿಲ್ಲ. ಅಲ್ಲಿಂದ ಹೊಸ ಲೈನು.

"ಛಲೋ ಆತಲ್ಲ" ಅಂದೆ.

"ಎಲ್ಲಿ ಛಲೋ ಆಯಿ? ಬೆಂಕೀನ ಬೀಳದಿದ್ರ ಅವರಿಬ್ಬರೂ ಕೂಡೂದು ಹೆಂಗ? ಮಗಳು ಹುಟ್ಟಲೇ ಇಲ್ಲ." ಹಾಗಂದವಳೇ ಮೊದಲಿನ ಗೆರಿಯನ್ನು ಅಂಗೈಯಿಂದ ಒರೆಸಿಬಿಟ್ಟಳು. "ಹಳೇ ಲೈನು ಅಳಿಸಿ ಹೋತು."

ನಾನು ಪಾಳಿ ಬದಲಾಗಿ ಊರಿಗೆ ಹೋದಾಗ ಇದನ್ನೇ ಊರಾಕಿಗೆ ಹೇಳಿದೆ. ಎಮ್ಮಿಯ ಸುದ್ದಿ ಒಯ್ಯಬಾರದು ಅಂದಿದ್ದರೇ ಹೊರತು ಚಿಕ್ಕಿಗಳ ಸುದ್ದಿ ಒಯ್ಯಬಾರದು ಅಂತ ಯಾರೂ ಅಂದಿರಲಿಲ್ಲ. ಅವಳು ಸಗಣಿ ಬಳಿಯುವ ಕೈಯಿಂದಲೇ ಅಂಗಳದಲ್ಲಿ ಎರಡು ಗೆರಿ ಎಳೆದಳು, ಒಂದನ್ನೂ ಒರೆಸಲಿಲ್ಲ.

"ಆಕಿಗೆ ಹೇಳ ಆಯಿ. ಪೇಪರಿನ್ಯಾಗ ಬಂದೈತಿ, ಮುಂದಿನ ಸಿನಿಮಾದಾಗ ಆ ಹುಟ್ಟದ ಮಗಳು ಹೊಸ ಲೈನಿಗೆ ಬರ್ತಾಳಂತ. ಹಳೇದು ಅಳಿಸಿ ಹೋಗಿದ್ರ ಆಕಿ ಎಲ್ಲಿಂದ ಬಂದ್ಳು?"

ಹೀಗೆ ವರ್ಷಗಟ್ಟಲೆ ಅವರ ಜಗಳ ಹೊತ್ತು ತಿರುಗಿದೆ. ಆ ಕತಿಯಲ್ಲಿ ಒಂದು ಕಾನೂನೂ ಇದೆಯಂತೆ: ಒಂದು ಲೈನಿನಿಂದ ಇನ್ನೊಂದಕ್ಕೆ ಹೋದವರು ಅಲ್ಲಿಯದನ್ನು ಇಲ್ಲಿ ಬಾಯಿ ಬಿಡಬಾರದು, ಬಿಟ್ಟರೆ ಎರಡೂ ಕೆಡುತ್ತವೆ. ಅದನ್ನು ಕೇಳಿ ನಾನು ನಕ್ಕೆ. ಇಷ್ಟು ಖರ್ಚು ಮಾಡಿ ಸಿನಿಮಾ ತೆಗೆಯುವ ಬದಲು ಅವರು ಪಾಲಾದ ಮನಿಯ ಯಾವ ಮುದುಕಿಯನ್ನು ಕೇಳಿದ್ದರೂ ಹೇಳುತ್ತಿದ್ದಳು.

ಈ ಮಳಿಗಾಲದಲ್ಲಿ ಆ ಕತಿಯ ಕಡೇ ಸಿನಿಮಾ ಬೆಳಗಾವಿಗೆ ಬಂತು. ಸಣ್ಣವರಿದ್ದಾಗಲೇ ಹುಡುಗಿಯರು ಮಾತು ಕೊಟ್ಟುಕೊಂಡಿದ್ದರು, ಕಡೇದನ್ನು ಬಾಜೂಬಾಜೂ ಕೂತು ನೋಡುವುದು ಅಂತ.

ನನ್ನ ಕಣ್ಣಿಗೆ ಪೊರಿ ಬಂದದ್ದು ಆಗಲೇ. ಪಾಳಿ ಬದಲಾಗುವ ದಿನವೇ ಬೆಳಗಾವಿಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸುವುದೆಂದು ಆಯಿತು. ದೊಡ್ಡಾಂವನಿಗೆ ನಾಟಿಯ ಗದ್ದಲ, ಆಳು ಬಿಟ್ಟು ಬರುವ ಹಾಗಿರಲಿಲ್ಲ. ಮಗಳನ್ನು ಜೋಡಿ ಮಾಡಿ ಕಳಿಸಿದ.

"ಕಣ್ಣು ತೋರಿಸು. ಅವರ ಓಣಿ ತುದೀಗೆ ಆಯೀನ್ನ ಆಟೋದಾಗಿಂದ ಇಳಿಸು, ನೀ ಇಳೀಬ್ಯಾಡ. ಚಂಜೀ ಬಸ್ಸಿಗೆ ಹೊಳ್ಳಿ ಬಾ" ಅಂದ. ಆಮೇಲೆ ನನ್ನ ಕಡೆ ತಿರುಗಿದ. "ಮಾತು ನೆನಪೈತಲ್ಲ ಅವ್ವಾ?"

ಐತಿ ಅಂದೆ. ದೊಡ್ಡ ಸೊಸಿ ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಹೋಳಿಗಿ ಹಾಕಿ ಕೊಟ್ಟಳು, ಹಾದಿಯಲ್ಲಿ ತಿನ್ನಲಿಕ್ಕೆ.

ಡಾಕ್ಟರು ಕಣ್ಣಿಗೆ ಔಷಧದ ಹನಿ ಬಿಟ್ಟರು, ಜಗತ್ತೆಲ್ಲ ಮಜ್ಜಿಗಿಯಾಯಿತು. ದೊಡ್ಡ ಬೆಳಕು, ಬೆಳಕಿನ ಸುತ್ತ ಬೆಳಕು. ಹೊರಗೆ ಬಂದಾಗ ಊರಾಕಿ ಮೆಲ್ಲಗೆ ಕೇಳಿದಳು, "ಆಯಿ, ಆಟೋ ಥೇಟರಿಗೆ ಹೇಳ್ಲ್ಯಾ?" ಪಾಳಿಯ ಮಾತು ನೆನಪಾಯಿತು. ಅವಳ ಕೈ ಹಿಡಿದುಕೊಂಡೆ. "ಹೇಳು" ಅಂದೆ.

ಊರಾಕಿ ಗೆಳತಿಯ ಫೋನಿನಿಂದ ಮೊದಲೇ ತಿಳಿಸಿದ್ದಳಂತೆ; ಪ್ಯಾಟ್ಯಾಕಿ ಥೇಟರಿನ ಮೆಟ್ಟಿಲ ಮೇಲೆ ನಿಂತಿದ್ದಳು. ನನಗೆ ಕಂಡದ್ದು ಎರಡು ಮಸುಕು ಆಕೃತಿ ಒಂದಾದದ್ದು. ಎಷ್ಟು ಹೊತ್ತಾದರೂ ಅದು ಮತ್ತೆ ಎರಡಾಗಲಿಲ್ಲ.

"ಎಷ್ಟ ಎತ್ತರ ಆಗಿಯಬೇ ಅಕ್ಕಾ!"

"ನೀ ಒಂದೀಟ ದಪ್ಪ ಆಗಿದ್ರೂ ಛಲೋ ಇತ್ತು. ನಿಮ್ಮ ಮನ್ಯಾಗ ಉಣ್ಣಾಕ ಕೊಡಂಗಿಲ್ಲೇನ?"

ಒಳಗೆ ನಡುವೆ ನನ್ನನ್ನು ಕೂಡಿಸಿದರು. ಡಬ್ಬಿ ನನ್ನ ಸೆರಗಿನ ಒಳಗೆ; ಹೊರಗಿನ ತಿನಿಸು ತರಬಾರದಂತೆ. ನನಗೆ ಪರದೆಯ ಮೇಲೆ ಏನೂ ಕಾಣಲಿಲ್ಲ. ಎಡಗಿವಿಯಲ್ಲಿ ಊರಾಕಿ, ಬಲಗಿವಿಯಲ್ಲಿ ಪ್ಯಾಟ್ಯಾಕಿ ಕತಿ ಹೇಳುತ್ತಾ ಹೋದರು, ಒಬ್ಬಳದು ಹಳೇ ಲೈನು, ಒಬ್ಬಳದು ಹೊಸದು.

"ನೋಡ ಆಯಿ, ಬಂದ್ಳು ಆಕಿ. ಹಳೇ ಲೈನಿನಿಂದ ಬಂದಾಳ."

"ಸುಳ್ಳ ಆಯಿ. ಆ ಲೈನು ಸತ್ತೈತಿ. ಇದು ಅದರ ನೆಳ್ಳು ಅಷ್ಟ."

"ಸತ್ತ ದಾರೀಲೆ ಯಾರರೆ ನಡದು ಬರ್ತಾರೇನ?"

"ನೀ ಹೊಸಾವು ನೋಡಿಲ್ಲ, ಸುಮ್ಮನ ಕುಂದರು."

"ನಿನಗ ಹಳೇವು ಮರ್ತಾವು, ನೀ ಕುಂದರು."

ಹಿಂದಿನಿಂದ ಯಾರೋ, "ಬಾಯಾರ, ಒಂದೀಟ ಹಳೂಕ ಮಾತಾಡ್ರಿ" ಅಂದರು.

"ಕಣ್ಣು ಕಾಣವಲ್ಲವು ತಮ್ಮಾ, ಅದಕ್ಕ ಹೇಳಾಕತ್ತಾರ" ಅಂದೆ.

"ಕಣ್ಣು ಕಾಣದಿದ್ರ ಸಿನಿಮಾಕ್ಕ ಯಾಕ ಬಂದೀರಿ?" ಅಂದ ಪುಣ್ಯಾತ್ಮ. ಸುತ್ತಲಿನವರೆಲ್ಲ ನಕ್ಕರು. ನನಗೆ ಮಾತ್ರ ಅಂಜಿಕಿ, ಆ ನಗುವವರೊಳಗೆ ಸಣ್ಣಾಂವನ ಅಂಗಡಿಯ ಗಿರಾಕಿ ಯಾರಾದರೂ ಇದ್ದರೆ?

ಕಡೆಗೆ ಆ ಮಗಳು ತನ್ನ ತಾಯಿಯ ಎದುರು ಬಂದು ನಿಂತಳಂತೆ. ಹೊಸ ಲೈನಿನ ತಾಯಿ, ಮಗಳನ್ನು ಹಡೆಯದಾಕಿ, ಗುರುತಿಲ್ಲದಾಕಿ. ಯಾರವ್ವಾ ನೀನು ಅಂತ ಕೇಳಿದಳಂತೆ. ಮಗಳು ಹೇಳುವಂತಿಲ್ಲ. ದಾರಿಹೋಕಳು, ನೀರು ಕೊಡ್ರಿ ಅಂದಳಂತೆ. ಎರಡೂ ಕಿವಿಯ ಮಾತು ಅಲ್ಲಿಗೆ ನಿಂತವು. ಎರಡೂ ಕಡೆಯಿಂದ ನನ್ನ ಕೈ ಬಿಗಿಹಿಡಿದರು. ಕಾಣದ ಕಣ್ಣಿನಿಂದಲೇ ನಾನು ಅತ್ತೆ. ಬಾಯಿ ತುಂಬ ಮಾತು ಇಟ್ಟುಕೊಂಡು ಹೊಸ್ತಿಲ ದಾಟಿ "ಎಲ್ಲಾ ಆರಾಮ" ಅಂದವಳಿಗೇ ಅದು ಗೊತ್ತು.

ಸಿನಿಮಾ ಮುಗಿದ ಮೇಲೆ ಹೊರಡಬೇಕಿತ್ತು. ಆದರೆ ಕಡೇ ಗಳಿಗೆಯಲ್ಲಿ ಆ ಮಗಳು ಹಡಗು ಹತ್ತಿ ಹೋದಳು, ಯಾವ ಲೈನಿಗೆ ಹೋದಳು ಅನ್ನುವುದನ್ನು ತೋರಿಸಲೇ ಇಲ್ಲವಂತೆ. ಹಳೇದಕ್ಕೆ ಅಂದಳು ಒಬ್ಬಳು, ಹಳೇದು ಇದ್ದರಲ್ಲವೇ ಅಂದಳು ಇನ್ನೊಬ್ಬಳು. ಥೇಟರಿನ ಹೊರಗೆ ಛತ್ರಿಯ ಕೆಳಗೆ ನಿಂತು ಹೋಳಿಗಿ ತಿನ್ನುತ್ತಾ ಜಗಳಾಡಿದರು. ಮಳಿ ಜೋರಾಯಿತು. "ಬಸ್ಸು, ಬಸ್ಸು" ಅಂತ ನಾನು ಕೂಗಿದ ಮೇಲೆ ಊರಾಕಿ ಓಡಿದಳು. ಡಬ್ಬಿ ಯಾರ ಚೀಲಕ್ಕೆ ಹೋಯಿತು ಅಂತ ನೋಡಲು ನನಗೆ ಕಣ್ಣಾದರೂ ಎಲ್ಲಿತ್ತು?

ಪ್ಯಾಟ್ಯಾಕಿಯ ಜೋಡಿ ರಾಮತೀರ್ಥ ನಗರಕ್ಕೆ ಬಂದು ಕೂತಿದ್ದೆ. ಕಣ್ಣು ಒಂದೀಟು ತಿಳಿಯಾಗಿತ್ತು. ಸಣ್ಣ ಸೊಸಿ ತೊಳೆಯುವ ಭಾಂಡೆಗಾಗಿ ಮಗಳ ಚೀಲ ತೆಗೆದಳು. ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ಪಾಲಾಗುವಾಗ ಜೋಡಿ ಡಬ್ಬಿಯಲ್ಲಿ ಒಂದು ಅಲ್ಲಿ ಹೋಯಿತು, ಒಂದು ಇಲ್ಲಿ ಬಂತು; ಇಲ್ಲಿಯದು ಕಪಾಟಿನಲ್ಲೇ ಇತ್ತು. ಗುರುತು ಸಿಗದೆ ಇರುತ್ತದೆಯೇ?

"ಅತ್ತೀ, ಇದು..." ಅಂದಳು. ಅಷ್ಟರಲ್ಲಿ ಹೊರಗೆ ಸಣ್ಣಾಂವನ ಗಾಡಿಯ ಸಪ್ಪಳ.

ಸೊಸಿ ಡಬ್ಬಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಬಚ್ಚಿಡಲು ಕೈ ಹೋಯಿತು, ಮತ್ತೆ ಹಿಂದೆ ಬಂತು. ಸಣ್ಣಾಂವ ಒಳಗೆ ಬಂದು ತಲಿ ಒರೆಸಿಕೊಳ್ಳುತ್ತಿದ್ದವನು ನಿಂತುಬಿಟ್ಟ. ಅವನು ಖಾನಾಪುರದ ಹಾಸ್ಟೆಲ್ಲಿನಲ್ಲಿದ್ದು ಕಲಿಯುವಾಗ ಅವರಪ್ಪ ರೊಟ್ಟಿ ಕಟ್ಟಿಸಿ ಒಯ್ದು ಕೊಡುತ್ತಿದ್ದದ್ದು ಅದೇ ಡಬ್ಬಿಯಲ್ಲಿ. ಬಗ್ಗಿ ಎತ್ತಿಕೊಂಡ. ಮುಚ್ಚಳ ತೆಗೆದ. ತಳದಲ್ಲಿ ಅರ್ಧ ಹೋಳಿಗಿ ಉಳಿದಿತ್ತು.

"ಯಾರು ತಂದ್ರು?"

ಆಗಲೇ ಪ್ಯಾಟ್ಯಾಕಿಯ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಎತ್ತಿದಳು. ಆ ಕಡೆ ಅಳುವ ಸಪ್ಪಳ ನಮಗೆಲ್ಲ ಕೇಳಿತು. ಹುಡುಗಿ ಅಪ್ಪನ ಕೈಗೇ ಫೋನು ಕೊಟ್ಟಳು.

"ಯಾರವ್ವಾ? ...ನಾನು ನಿನ್ನ ಕಾಕಾ. ಅಳಬ್ಯಾಡ. ಎಲ್ಲಿ ಅದಿ?"

ಖಾನಾಪುರ ಬಸ್‌ಸ್ಟ್ಯಾಂಡಿನಲ್ಲಿದ್ದಳು. ಅಲ್ಲಿಂದ ಪಾರಿಶ್ವಾಡದ ಬಸ್ಸು ಹೋಗಿಬಿಟ್ಟಿತ್ತು. ಆ ಮಳಿಯಲ್ಲಿ ಇನ್ನೊಂದು ಬಸ್ಸು ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಚಹಾದ ಅಂಗಡಿಯವನ ಫೋನು ಇಸಿದುಕೊಂಡಿದ್ದಳು. ಅಪ್ಪನಿಗೆ ಯಾಕೆ ಹಚ್ಚಲಿಲ್ಲ ಅಂತ ಸಣ್ಣಾಂವ ಕೇಳಿದ. ಅವಳು ಬಿಕ್ಕುತ್ತಾ ಹೇಳಿದ್ದು ನನಗೂ ಕೇಳಿಸಿತು: "ಅಪ್ಪಗ ಹೇಳಬ್ಯಾಡ್ರಿ ಕಾಕಾ. ಆಯೀನ್ನ ಮನಿಗೆ ಕರಕೊಳ್ಳಂಗಿಲ್ಲ ಅಂವ."

ಸಣ್ಣಾಂವ ನನ್ನ ಕಡೆ ನೋಡಿದ. ಅದೇ ಮಾತನ್ನು ತಾನೂ ಆಡಿದ್ದು ಅವನ ಮಾರಿಯ ಮೇಲೆ ಬಂದು ಕೂತಿತ್ತು.

"ಬೆಳಕಿದ್ದಲ್ಲಿ ಕುಂದರು. ಯಾರ ಕೂಡಾನೂ ಎಲ್ಲೂ ಹೋಗಬ್ಯಾಡ. ನಾ ಬಂದೆ" ಅಂದ.

ಕಾರಿನ ಕೀಲಿ ತೆಗೆದುಕೊಂಡ. ನಾನೂ ಎದ್ದೆ, ಪ್ಯಾಟ್ಯಾಕಿಯೂ ಎದ್ದಳು, ಬ್ಯಾಡ ಅನ್ನಲಿಲ್ಲ. ಸೊಸಿ ಅಷ್ಟು ಅವಸರದಲ್ಲೂ ಡಬ್ಬಿ ತೊಳೆದು ಒರೆಸಿ ಅವಲಕ್ಕಿ ಚೂಡಾ ತುಂಬಿದಳು. "ಬಂದ ಡಬ್ಬಿ ಖಾಲಿ ಕಳಸಬಾರದು" ಅಂತ ನನ್ನ ಕೈಗೆ ಕೊಟ್ಟಳು.

ಹಾದಿಯುದ್ದಕ್ಕೂ ಮಳಿ. ಒರೆಸುವ ಕಡ್ಡಿ ಅತ್ತ ಇತ್ತ, ಅತ್ತ ಇತ್ತ. ಸಣ್ಣಾಂವ ಕೇಳಿದ, "ಅವ್ವಾ, ಯಾವಾಗಿಂದ ನಡದೈತಿ ಇದು?"

"ಚಿಕ್ಕಿ ಸುದ್ದಿ ಅಷ್ಟ ಒಯ್ದೀನಪ್ಪಾ. ಮನಿ ಸುದ್ದಿ ಒಂದೂ ಒಯ್ದಿಲ್ಲ."

"ಆ ಸಿನಿಮಾದ್ದು?" ಅಂದ. ಹಿಂದೆ ಕೂತ ಪ್ಯಾಟ್ಯಾಕಿ ಉಗುರು ಕಡಿಯುತ್ತಿದ್ದಳು. ಇದೇ ರಸ್ತೆಯಲ್ಲಿ, ಇಂಥದೇ ಮಳಿಯಲ್ಲಿ ಅವನು ಅಪ್ಪನ ಮಾರಿ ನೋಡಲು ಒದ್ದಾಡಿದ್ದು ನನಗೆ ನೆನಪಾಯಿತು. ಅವನಿಗೂ ನೆನಪಾಗಿರಬೇಕು. ಹೊಳಿ ಬಂದಾಗ ಗಾಡಿ ಮೆಲ್ಲಗಾಯಿತು. ನೀರು ಏರಿತ್ತು, ಆದರೆ ಕೆಳಗೇ ಇತ್ತು.

ಊರಾಕಿ ಬಸ್‌ಸ್ಟ್ಯಾಂಡಿನ ಕಟ್ಟಿಯ ಮೇಲೆ ಮುದ್ದೆಯಾಗಿ ಕೂತಿದ್ದಳು. ತಂಗಿಯನ್ನು ನೋಡಿ ಮತ್ತೆ ಅಳು ಬಂತು. ಸಣ್ಣಾಂವ ಅವಳ ತಲಿಯ ಮೇಲೆ ಕೈ ಇಟ್ಟ, ತೆಗೆಯಲು ಮರೆತ.

"ಪಾರಿಶ್ವಾಡಕ್ಕ ಬಿಟ್ಟು ಬರೂಣು ನಡಿ" ಅಂದೆ.

"ಆ ಊರಿಗೆ ಬರಂಗಿಲ್ಲ ಅಂದೀನಿ, ಬರಂಗಿಲ್ಲ" ಅಂದ. ಫೋನು ತೆಗೆದ. ಅಣ್ಣನ ನಂಬರು ಫೋನಿನಿಂದ ಎಂದೋ ಹೋಗಿತ್ತು, ಬೆರಳಿನಿಂದ ಹೋಗಿರಲಿಲ್ಲ. ತಡೆಯದೆ ಒತ್ತಿದ.

"ಅಣ್ಣಾ, ನಾನು. ಗಾಬರಿ ಆಗಬ್ಯಾಡ. ಮಗಳು ನನ್ನ ಕಡೆ ಅದಾಳ, ಖಾನಾಪುರ ಸ್ಟ್ಯಾಂಡಿನ್ಯಾಗ. ಬಸ್ಸು ತಪ್ಪೈತಿ." ಆ ಕಡೆಯಿಂದ ಏನು ಬಂತೋ ನನಗೆ ಕೇಳಲಿಲ್ಲ. ಇವನು ಫೋನು ಕಿವಿಗೆ ಒತ್ತಿ ಹಿಡಿದ. "ಮಳಿ ಐತಿ, ಸಾವಕಾಶ ಬಾ. ನೀ ಬರೂ ತನಕ ನಾ ಇಲ್ಲೇ ನಿಂದರತೀನಿ."

ನಿಂತೇ ಇದ್ದ. ಕಟ್ಟಿಯ ಮೇಲೆ ಜಾಗ ಇತ್ತು, ಕೂಡಲಿಲ್ಲ. ಶೀಟಿನ ಅಂಚಿನಿಂದ ಸುರಿಯುವ ನೀರು ಅವನ ಒಂದು ಬಾಜು ತೊಯ್ಯಿಸುತ್ತಿತ್ತು. ಹುಡುಗಿಯರು ನನ್ನ ಎರಡೂ ಪಕ್ಕ ಅಂಟಿ ಕೂತಿದ್ದರು. ಊರಾಕಿ ಪಿಸುಗುಟ್ಟಿದಳು, "ಆಯಿ, ಪಾಳಿ ಹೋತೇನ?" ನಾನು ಅವಳ ಒದ್ದೆ ತಲಿಗೆ ಸೆರಗು ಹಾಕಿದೆ.

ದೊಡ್ಡಾಂವ ಮೋಟರ್‌ಸೈಕಲ್ ಮೇಲೆ ಬಂದ, ತಲಿಯ ಮೇಲೆ ಗೊಬ್ಬರದ ಚೀಲದ ಕೊಪ್ಪಿ. ಗಾಡಿ ನಿಲ್ಲಿಸಿ ಸರಸರ ಬಂದ. ಮಗಳು ಎದ್ದವಳು ಕಾಕಾನ ಬೆನ್ನ ಹಿಂದೆ ಸರಿದಳು. ದೊಡ್ಡಾಂವನ ಕೈ ಮೇಲೆದ್ದದ್ದು ಹೊಡೆಯಲಿಕ್ಕೋ, ಕೊಪ್ಪಿ ತೆಗೆಯಲಿಕ್ಕೋ, ನಾನಂತೂ ಕಣ್ಣು ಮುಚ್ಚಿದೆ.

"ಎಷ್ಟೊತ್ತಾತು ನೀ ನಿಂತು?" ಅಂತ ಅವನ ದನಿ ಕೇಳಿತು.

"ಈಗ ಬಂದೆ" ಅಂದ ಸಣ್ಣಾಂವ.

ಕಣ್ಣು ತೆಗೆದೆ. ದೊಡ್ಡಾಂವ ತಮ್ಮನ ತೊಯ್ದ ಭುಜ ನೋಡುತ್ತಿದ್ದ.

"ಅವತ್ತ ನಾನೂ ಹಿಂಗ ಬಾಗಲದಾಗ ನಿಂತಿದ್ದೆ, ತಮ್ಮಾ."

ಒಂದು ಖಾಲಿ ಬಸ್ಸು ಬಂದು, ತಿರುಗಿ, ಹೋಯಿತು. ಆಮೇಲೆ "ಹೂಂ" ಅಂದ ಸಣ್ಣಾಂವ. ಬರೀ ಹೂಂ. ಅದನ್ನು ಕೇಳಲು ನಾನು ಇಷ್ಟು ವರ್ಷ ಬದುಕಿದ್ದೆ.

ಆ ದಿನ ಅಳಿಸಿ ಹೋಗಿಲ್ಲ, ಹೋಗುವುದೂ ಇಲ್ಲ. ಯಜಮಾನರ ಮಣ್ಣು ಅಲ್ಲೇ ಇದೆ, ಸಣ್ಣಾಂವ ಮಾರಿ ನೋಡದೇ ಇದ್ದದ್ದೂ ಹಾಗೇ ಇದೆ. ಊರಾಕಿ ಹೇಳಿದ್ದೇ ಖರೇ ಅಂತ ನನಗೆ ಅಲ್ಲಿ ಅನಿಸಿತು. ಆದರೂ ಬಾಯಿ ಬಿಡಲಿಲ್ಲ, ಪ್ಯಾಟ್ಯಾಕಿ ಮುನಿಸಿಕೊಂಡಾಳು.

ಡಬ್ಬಿ ತೆಗೆದು ದೊಡ್ಡಾಂವನ ಕೈಗೆ ಕೊಟ್ಟೆ. ಮುಚ್ಚಳ ತೆಗೆದು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡ.

"ಉಪ್ಪು ಕಡಿಮಿ ಆಗೈತಿ."

"ನಿಮ್ಮ ಹೋಳಿಗ್ಯಾಗರೆ ಬೆಲ್ಲ ಎಲ್ಲಿತ್ತು?" ಅಂದ ಸಣ್ಣಾಂವ.

ಹುಡುಗಿಯರು ಕಿಸಕ್ಕನೆ ನಕ್ಕರು. ನಕ್ಕಿದ್ದೇ ತಡ, ಸಿನಿಮಾದ ಜಗಳ ಮತ್ತೆ ಶುರು. ಆ ಮಗಳು ಹಳೇ ಲೈನಿಗೆ ಹೋದಳು, ಇಲ್ಲ ಹೋಗಲಿಲ್ಲ. ಸಣ್ಣಾಂವ ತಿರುಗಿ, "ಏ, ಇಬ್ಬರಿಗೂ ತಿಳಿದಿಲ್ಲ, ಮೂರನೇ ಲೈನು ಒಂದು ಐತಿ" ಅಂದ. ಇವನೂ ಕದ್ದು ನೋಡಿಕೊಂಡೇ ಇದ್ದ ಅಂತ ಆಗ ಗೊತ್ತಾಯಿತು!

ದೊಡ್ಡಾಂವ ನನ್ನ ರಟ್ಟಿ ಹಿಡಿದ. "ಅವ್ವಾ, ನಡಿ ಊರಿಗೆ. ಈ ಮಳ್ಯಾಗ ಪ್ಯಾಟಿ ಹಾದಿ ಬ್ಯಾಡ."

"ಇಂದಿನಿಂದ ನನ್ನ ಪಾಳಿ" ಅಂತ ಸಣ್ಣಾಂವ ಇನ್ನೊಂದು ರಟ್ಟಿ ಹಿಡಿದ. "ಮೋಟರ್‌ಸೈಕಲ್ ಮ್ಯಾಲ ಮುದುಕೀನ್ನ ಒಯ್ತಿಯೇನ? ಬುದ್ಧಿ ಐತಿಲ್ಲೋ?"

"ನಿನ್ನ ಕಾರು ಯಾಕ ಐತಿ ಮತ್ತ? ಎಲ್ಲಾರನೂ ಕೂಡಿಸಿಕೊಂಡು ನನ್ನ ಹಿಂದ ಬಾ."

"ನಾ ಬರಂಗಿಲ್ಲ ಅಂದೀನಿ."

"ಅಂದಿದ್ದಿ. ಅದಕ್ಕ ಏನೀಗ?"

ಹೀಗೆ ನನ್ನನ್ನು ನಡುವೆ ಹಿಡಿದುಕೊಂಡು ಕೂಗಾಡ ಹತ್ತಿದರು. ಚಹಾದ ಅಂಗಡಿಯವನು ಓಡಿಬಂದು, "ಯಾಕ್ರೀ ಯಜಮಾನ್ರ, ಏನ್ ಜಗಳ?" ಅಂತ ಗಾಬರಿಯಲ್ಲಿ ಕೇಳಿದ.

"ಬಿಡಿಸಬ್ಯಾಡಪ್ಪಾ" ಅಂದೆ ನಾನು. "ಇನ್ನೊಂದೀಟ ಆಡ್ಲಿ. ಎಲ್ಲಾರಿಗೂ ಚಹಾ ಕೊಡು."